ಅಪ್ಪ-ಅಮ್ಮನಿಗೆ ಹಿರಿಯರ ಮನೆ ಹುಡುಕುವುದು ಹೇಗೆ: ದಾವಣಗೆರೆ ಕಡೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಅಪ್ಪ-ಅಮ್ಮ ಇಲ್ಲಿ ನಿಟುವಳ್ಳಿಯಲ್ಲೋ ಹಳೇ ಪೇಟೆಯಲ್ಲೋ ಇಬ್ಬರೇ. ಒಂದು ದಿನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಆಸ್ಪತ್ರೆಯವರು "ನಾಳೆ ಡಿಸ್ಚಾರ್ಜ್" ಅಂದಾಗ ವೃದ್ಧಾಶ್ರಮದ ಹುಡುಕಾಟ ಶುರುವಾಗುತ್ತದೆ. ಸಿಕ್ಕಿದ ಮೊದಲ ಜಾಗಕ್ಕೆ ಅಡ್ವಾನ್ಸ್ ಕಟ್ಟುತ್ತಾರೆ. ಎರಡು-ಮೂರು ತಿಂಗಳಲ್ಲಿ ಅಮ್ಮ ವಾಪಸ್ ಬರುತ್ತಾರೆ, ಅಡ್ವಾನ್ಸ್ ಮಾತ್ರ ಬರುವುದಿಲ್ಲ.

ಹೀಗೆ ಮತ್ತೆ ಮತ್ತೆ ಆಗಲು ಮುಖ್ಯ ಕಾರಣ ಕೆಲಸದ ಕ್ರಮ ತಪ್ಪುವುದು. ಮೊದಲು ಕಟ್ಟಡ ನೋಡುತ್ತಾರೆ, ಆಮೇಲೆ ದುಡ್ಡಿನ ಮಾತು, ಅವರಿಗೆ ನಿಜವಾಗಿ ಏನು ಬೇಕು ಎಂಬ ಯೋಚನೆ ಕೊನೆಗೆ. ಇದನ್ನು ಪೂರ್ತಿ ತಿರುವಿ ಹಾಕಬೇಕು. ಉದ್ದಕ್ಕೂ ಒಂದೇ ಪ್ರಶ್ನೆ ತಲೆಯಲ್ಲಿರಲಿ: ರಾತ್ರಿ ಎರಡು ಗಂಟೆಗೆ ಇವರು ಕೂಗಿದರೆ ಯಾರು ಎದ್ದು ಬರುತ್ತಾರೆ? ಹಗಲಲ್ಲಿ ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತದೆ.

## ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್, ಒಂದು ಅಳತೆ ಟೇಪು, ಒಂದು ಫೈಲು. ಫೈಲಿನಲ್ಲಿ ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇದ್ದರೆ ಅದು, ಪಿಂಚಣಿ ಕಾಗದ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಈಗಿನ ಮಾತ್ರೆ ಚೀಟಿಗಳು ಇರಲಿ. ಎಲ್ಲದರ ಫೋಟೋ ಫೋನಿನಲ್ಲೂ ಇರಲಿ. ಟೇಪು ಯಾಕೆ ಅಂತ ಐದನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ಮೊದಲು ಅವರನ್ನೇ ಕೇಳಿ

ಅಣ್ಣ-ತಮ್ಮ, ಅಕ್ಕ-ತಂಗಿಯರು ವಾಟ್ಸಾಪ್ ಗುಂಪಿನಲ್ಲಿ ಎಲ್ಲ ತೀರ್ಮಾನ ಮಾಡಿ ಕೊನೆಗೆ ಅಪ್ಪನಿಗೆ ತಿಳಿಸುವುದು ಅತಿ ದೊಡ್ಡ ತಪ್ಪು. "ಸ್ವಲ್ಪ ದಿನ ಅಷ್ಟೇ" ಎಂದು ಸುಳ್ಳು ಹೇಳಿ ಕರೆದುಕೊಂಡು ಹೋಗುವುದು ಇನ್ನೂ ಕೆಟ್ಟದ್ದು. ಸುಳ್ಳು ಗೊತ್ತಾದ ದಿನದಿಂದ ಅವರು ಊಟ ಬಿಡುತ್ತಾರೆ, ಮಾತು ಬಿಡುತ್ತಾರೆ.

ಕೂತು ಮಾತಾಡಿ. "ಎಲ್ಲಿ ಇರುತ್ತೀರಿ?" ಎಂದು ಒಂದೇ ಸಲ ಕೇಳಿದರೆ ಉತ್ತರ "ಇಲ್ಲೇ ಸಾಯ್ತೀನಿ" ಅಂತಲೇ ಬರುತ್ತದೆ. ಸಣ್ಣ ಪ್ರಶ್ನೆ ಕೇಳಿ. ರಾತ್ರಿ ಭಯ ಆಗುತ್ತಾ? ಅಡುಗೆ ಮಾಡಿಕೊಳ್ಳುವುದು ಸಾಕಾಗಿದೆಯಾ? ಮಾತಾಡಲು ಜನ ಬೇಕಾ? ಯಾವುದನ್ನು ಬಿಡಲು ಆಗುವುದೇ ಇಲ್ಲ: ಪೂಜೆಯಾ, ಬೆಳಗಿನ ವಾಕಿಂಗಾ, ಜೋಳದ ರೊಟ್ಟಿಯಾ? ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಮುಂದೆ ಜಾಗ ನೋಡುವಾಗ ಈ ಪಟ್ಟಿಯೇ ಬೇಕಾಗುತ್ತದೆ.

## ಹಂತ 2: ಎಷ್ಟು ಸಹಾಯ ಬೇಕು ಎಂದು ಅಳೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿ. "ಅಮ್ಮ ಚೆನ್ನಾಗೇ ಇದ್ದಾರೆ, ಸ್ವಲ್ಪ ಮಂಡಿ ನೋವು" ಎಂದು ಹೇಳಿ ಸೇರಿಸುತ್ತಾರೆ. ಅಲ್ಲಿಗೆ ಹೋದ ಮೇಲೆ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ, ಪ್ರತಿ ಸಲ ಹಿಡಿದುಕೊಳ್ಳಲು ಒಬ್ಬರು ಬೇಕು ಎಂಬುದು ಗೊತ್ತಾಗುತ್ತದೆ. ಆಶ್ರಮದವರು ಕೈ ಚೆಲ್ಲುತ್ತಾರೆ.

ಒಂದು ವಾರ ಅವರ ಜೊತೆಯಲ್ಲೇ ಇದ್ದು ಆರು ಕೆಲಸ ಗಮನಿಸಿ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಪಾಯಿಖಾನೆಗೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲ-ಮೂತ್ರ ತಡೆದುಕೊಳ್ಳುವುದು, ಊಟ ಮಾಡುವುದು. ವೈದ್ಯರು ಹಿರಿಯರ ಸ್ಥಿತಿ ಅಳೆಯುವುದು ಇದೇ ಆರರಿಂದ. ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದು ಬರೆಯಿರಿ: ತಾವೇ ಮಾಡುತ್ತಾರೆ, ಒಬ್ಬರು ಪಕ್ಕದಲ್ಲಿ ನಿಲ್ಲಬೇಕು, ಪೂರ್ತಿ ಬೇರೆಯವರೇ ಮಾಡಬೇಕು.

ಜೊತೆಗೆ ಇನ್ನು ನಾಲ್ಕು ವಿಷಯ ಬರೆದಿಡಿ. ರಾತ್ರಿ ಎಷ್ಟು ಸಲ ಏಳುತ್ತಾರೆ? ಕಳೆದ ಆರು ತಿಂಗಳಲ್ಲಿ ಬಿದ್ದಿದ್ದಾರಾ? ಮಾತ್ರೆ ತಾವೇ ನೆನಪಿಟ್ಟು ತಗೊಳ್ಳುತ್ತಾರಾ? ಸಂಜೆಯಾದರೆ ಗೊಂದಲ, ಸಿಟ್ಟು, "ಮನೆಗೆ ಹೋಗ್ಬೇಕು" ಎಂಬ ಹಟ ಬರುತ್ತಾ? ಕೊನೆಯದು ಇದ್ದರೆ ಅದು ಮರೆವಿನ ಕಾಯಿಲೆಯ ಲಕ್ಷಣ ಇರಬಹುದು. ಜಾಗ ಹುಡುಕುವ ಮುಂಚೆ ವೈದ್ಯರಿಗೆ ತೋರಿಸಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್.ಎಸ್. ಆಸ್ಪತ್ರೆ ಇವೆ. ಚಿತ್ರದುರ್ಗದವರಿಗೆ ಜಿಲ್ಲಾಸ್ಪತ್ರೆ, ಬಸವೇಶ್ವರ ಮೆಡಿಕಲ್ ಕಾಲೇಜು ಆಸ್ಪತ್ರೆ ಇವೆ.

ಒಂದು ಎಚ್ಚರಿಕೆ. ವಯಸ್ಸಾದವರಿಗೆ ಮೂತ್ರದ ಸೋಂಕು ಆದರೆ ಜ್ವರಕ್ಕಿಂತ ಮುಂಚೆ ತಲೆ ಗೊಂದಲವೇ ಕಾಣಿಸಬಹುದು. ಎರಡು-ಮೂರು ದಿನದಲ್ಲಿ ಇದ್ದಕ್ಕಿದ್ದಂತೆ ಬದಲಾದರೆ "ವಯಸ್ಸಾಯ್ತು" ಎಂದು ಬಿಡಬೇಡಿ, ಪರೀಕ್ಷೆ ಮಾಡಿಸಿ. ಔಷಧಿಯಿಂದ ಸರಿಹೋಗುವ ಗೊಂದಲಕ್ಕೆ ಮನೆ ಬಿಡಿಸುವ ತೀರ್ಮಾನ ತಗೊಳ್ಳಬಾರದು.

## ಹಂತ 3: ಯಾವ ಬಗೆಯ ಜಾಗ ಎಂದು ತೀರ್ಮಾನಿಸಿ

ಆರೂ ಕೆಲಸ ತಾವೇ ಮಾಡಿಕೊಳ್ಳುವವರಿಗೆ, ಒಂಟಿತನವೇ ಕಷ್ಟ ಆಗಿರುವವರಿಗೆ, ದುಡ್ಡು ಕಟ್ಟುವ ಸಾಮಾನ್ಯ ವೃದ್ಧಾಶ್ರಮ ಸಾಕು. ಕೋಣೆ, ಊಟ, ಜೊತೆಗೆ ಜನ ಇರುತ್ತಾರೆ. ಆದರೆ ಅಲ್ಲಿ ನರ್ಸ್ ಇರುತ್ತಾರೆ ಅಂದುಕೊಳ್ಳಬೇಡಿ.

ಎರಡು-ಮೂರು ಕೆಲಸಕ್ಕೆ ಪಕ್ಕದಲ್ಲಿ ಜನ ಬೇಕು ಅಂದರೆ ಅಸಿಸ್ಟೆಡ್ ಲಿವಿಂಗ್ ಬೇಕು. ಸ್ನಾನ ಮಾಡಿಸಲು ಆಯಾ, ಮಾತ್ರೆ ಕೊಡಲು ನರ್ಸ್, ರಾತ್ರಿ ಪಾಳಿಯ ಸಿಬ್ಬಂದಿ ಇರುವ ಜಾಗ. ಇಂಥವು ಬೆಂಗಳೂರಿನಲ್ಲಿ ಇರುವಷ್ಟು ನಮ್ಮ ಕಡೆ ಇಲ್ಲ. ಹಾಗಾಗಿ ಫಲಕ ನೋಡಿ ನಂಬದೆ, ಒಳಗೆ ಏನಿದೆ ಎಂದು ನೋಡಬೇಕು.

ಹಾಸಿಗೆ ಹಿಡಿದವರು, ಮೂಗಿಗೆ ನಳಿಕೆ ಅಥವಾ ಮೂತ್ರಕ್ಕೆ ಕೊಳವೆ (ಕ್ಯಾತಿಟರ್) ಇರುವವರನ್ನು ನರ್ಸಿಂಗ್ ಆರೈಕೆ ಇರುವ ಕಡೆಯೇ ಇಡಬೇಕು. ಇವರನ್ನು ಸಾಮಾನ್ಯ ಆಶ್ರಮಕ್ಕೆ ಸೇರಿಸಿದರೆ ಬೆಡ್ ಸೋರ್ (ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು) ಆಗುವುದು ಬಹುತೇಕ ಖಚಿತ.

ಯಾರೂ ಇಲ್ಲದ, ಆದಾಯ ಇಲ್ಲದ ಹಿರಿಯರಿಗೆ ಸರ್ಕಾರದ ಅನುದಾನದಲ್ಲಿ ನಡೆಯುವ ಉಚಿತ ವೃದ್ಧಾಶ್ರಮಗಳಿವೆ. ಸಾಮಾನ್ಯವಾಗಿ 25 ಜನರಿಗೆ ಒಂದು ಲೆಕ್ಕ. ಎಲ್ಲಿ ಜಾಗ ಖಾಲಿ ಇದೆ ಎಂದು ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಕಚೇರಿಯಲ್ಲಿ ಕೇಳಿ, ಅಥವಾ 14567 ಸಹಾಯವಾಣಿಗೆ ಫೋನ್ ಮಾಡಿ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲೇ ಹೋಮ್ ನರ್ಸ್ ಇಟ್ಟುಕೊಳ್ಳುವ ದಾರಿಯೂ ಇದೆ. ಹಗಲು ಮಾತ್ರ ಸಹಾಯ ಬೇಕು, ಅಕ್ಕಪಕ್ಕದಲ್ಲಿ ನೆಂಟರಿದ್ದಾರೆ ಅಂದರೆ ನನ್ನ ಪ್ರಕಾರ ಇದೇ ಮೊದಲು ನೋಡಬೇಕಾದ ದಾರಿ. ಬಚ್ಚಲಿಗೆ ಹಿಡಿಕೆ, ಎತ್ತರದ ಕಮೋಡ್, ಜಾರದ ಚಾಪೆ, ರಾತ್ರಿ ದೀಪ ಹಾಕಿಸಿದರೆ ಕೆಲವರಿಗೆ ಇನ್ನೂ ಎರಡು-ಮೂರು ವರ್ಷ ಮನೆ ಬಿಡುವ ಅಗತ್ಯವೇ ಬರುವುದಿಲ್ಲ.

## ಹಂತ 4: ಯಾವ ಊರು?

ಮಗ ಬೆಂಗಳೂರಿನಲ್ಲಿದ್ದರೆ ಬೆಂಗಳೂರಿನಲ್ಲೇ ನೋಡೋಣ ಅನಿಸುತ್ತದೆ. ದಾವಣಗೆರೆಯಿಂದ ಅದು ಸುಮಾರು 260 ಕಿಲೋಮೀಟರ್. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಪ್ರತಿ ವಾರ ಹೋಗಿ ನೋಡುವವರು ಯಾರು? ಬೆಂಗಳೂರಿನ ಟ್ರಾಫಿಕ್‌ನಲ್ಲಿ ಊರಿನ ಆ ತುದಿಗೆ ತಿಂಗಳಿಗೊಮ್ಮೆ ಹೋಗುವ ಮಗನಿಗಿಂತ, ದಾವಣಗೆರೆಯಲ್ಲೇ ವಿದ್ಯಾನಗರದಿಂದ ವಾರಕ್ಕೆರಡು ಸಲ ಬಂದುಹೋಗುವ ತಂಗಿ ಹತ್ತಿರ ಇರುವುದು ಮೇಲು. ಹೋಗಿಬರುವವರು ಇದ್ದರೆ ಸಿಬ್ಬಂದಿಯ ಗಮನವೂ ಬೇರೆ ಇರುತ್ತದೆ. ಇದು ಕಹಿ, ಆದರೆ ನಿಜ.

ಊರ ಹೊರಗೆ ತೋಟದ ನಡುವೆ ಇರುವ ಜಾಗ ಕಣ್ಣಿಗೆ ತಂಪು. ಆದರೆ ಹೃದಯದ ತೊಂದರೆ ಇರುವವರನ್ನು ಆಸ್ಪತ್ರೆಯಿಂದ ಅರ್ಧ ಗಂಟೆಗಿಂತ ದೂರ ಇಡಬೇಡಿ. ಚಿತ್ರದುರ್ಗ, ಜಗಳೂರು ಕಡೆಯಾದರೆ ಕುಡಿಯುವ ನೀರು ಎಲ್ಲಿಂದ ಎಂದು ಕೇಳಿ. ಆ ಭಾಗದ ಹಲವು ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಶುದ್ಧೀಕರಿಸಿದ ನೀರೇ ಕೊಡಬೇಕು.

## ಹಂತ 5: ಎರಡು ಸಲ ಹೋಗಿ, ಒಂದು ಸಲ ಹೇಳದೆ ಹೋಗಿ

ಹೋಗುವ ಮುಂಚೆ ಫೋನಿನಲ್ಲೇ ಅರ್ಧ ಜರಡಿ ಹಿಡಿಯಬಹುದು. ಈಗ ಎಷ್ಟು ಜನ ಇದ್ದಾರೆ, ರಾತ್ರಿ ಎಷ್ಟು ಸಿಬ್ಬಂದಿ, ನಡೆಯಲಾಗದವರನ್ನು ಇಟ್ಟುಕೊಳ್ಳುತ್ತೀರಾ, ವೈದ್ಯರು ಯಾವಾಗ ಬರುತ್ತಾರೆ, ನೋಂದಣಿ ಇದೆಯಾ. ರಾತ್ರಿ ಸಿಬ್ಬಂದಿಯ ಸಂಖ್ಯೆ ಕೇಳಿದಾಗ "ಎಲ್ಲ ಇದ್ದಾರೆ, ನೀವು ಬಂದು ನೋಡಿ" ಎಂಬ ಉತ್ತರ ಬಂದರೆ ಆ ಹೆಸರಿನ ಮುಂದೆ ಒಂದು ಗುರುತು ಹಾಕಿ.

ಮೊದಲ ಸಲ ಹೇಳಿಯೇ ಹೋಗಿ. ಗಂಡಿನ ಕಡೆಯವರು ಬರುವ ದಿನ ಮನೆ ಒಪ್ಪ ಮಾಡಿದ ಹಾಗೆ ಅಂದು ಎಲ್ಲ ಚೊಕ್ಕಟವಾಗಿರುತ್ತದೆ. ಆಗ ಕಟ್ಟಡದ ಲೆಕ್ಕ ಮುಗಿಸಿ. ಟೇಪು ತೆಗೆಯಿರಿ. ಬಚ್ಚಲ ಬಾಗಿಲು ಕನಿಷ್ಠ 32 ಇಂಚು ಅಗಲ ಇರಬೇಕು, ಇಲ್ಲದಿದ್ದರೆ ವೀಲ್‌ಚೇರ್ ಒಳಗೆ ಹೋಗುವುದಿಲ್ಲ. ಇಳಿಜಾರು ದಾರಿ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಅದಕ್ಕಿಂತ ಕಡಿದಾಗಿದ್ದರೆ ಅದು ತೋರಿಕೆಗೆ ಅಷ್ಟೇ. ಕಮೋಡ್ ಪಕ್ಕದ ಹಿಡಿಕೆಯನ್ನು ಜೋರಾಗಿ ಎಳೆದು ನೋಡಿ. ಅಲ್ಲಾಡುವ ಹಿಡಿಕೆ ಇಲ್ಲದ ಹಿಡಿಕೆಗಿಂತ ಅಪಾಯ. ಹಾಸಿಗೆಯ ಪಕ್ಕ ಕರೆಗಂಟೆ ಇದ್ದರೆ ಒತ್ತಿ, ಯಾರು ಎಷ್ಟು ಹೊತ್ತಿಗೆ ಬರುತ್ತಾರೆ ನೋಡಿ. ಮೇಲಿನ ಮಹಡಿಯ ಕೋಣೆ ಅಥವಾ ಶೀಟಿನ ಛಾವಣಿ ಆದರೆ ಬೇಡ ಅನ್ನಿ. ನಮ್ಮೂರಿನ ಏಪ್ರಿಲ್-ಮೇ ಬಿಸಿಲು ಎಂಥದು ಅಂತ ಹೇಳಬೇಕಾಗಿಲ್ಲ, ಅಲ್ವಾ? ಕರೆಂಟ್ ಹೋದರೆ ಫ್ಯಾನ್ ಓಡುತ್ತದಾ, ಬೇಸಿಗೆಯಲ್ಲಿ ನೀರಿಗೆ ಏನು ವ್ಯವಸ್ಥೆ ಎಂದು ಈಗಲೇ ಕೇಳಿ.

ಎರಡನೇ ಸಲ ಹೇಳದೆ ಹೋಗಿ, ಭಾನುವಾರ ಸಂಜೆ ಏಳರ ಹೊತ್ತಿಗೆ. ಸಿಬ್ಬಂದಿ ಕಡಿಮೆ ಇರುವ ಹೊತ್ತು ಅದು. "ಈಗ ಒಳಗೆ ಬಿಡಲ್ಲ" ಎಂದರೆ ಕಾರಣ ಕೇಳಿ. ಮಲಗುವ ಹೊತ್ತು ಅನ್ನುವುದು ಸರಿ. ಆದರೆ ಕಾರಣ ಹೇಳದೆ ಗೇಟಿನಲ್ಲೇ ನಿಲ್ಲಿಸಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ಒಳಗೆ ಹೋದಾಗ ಮೂಗು ಮೊದಲು ಕೆಲಸ ಮಾಡಲಿ. ಮೂತ್ರದ ವಾಸನೆ ಒಂದು ಹಾಸಿಗೆ ಹತ್ತಿರ ಇದ್ದರೆ ಈಗಷ್ಟೇ ಆಗಿರಬಹುದು. ಇಡೀ ಕೋಣೆಯಲ್ಲಿ ಇದ್ದರೆ ಅದು ಅಲ್ಲಿನ ದಿನಚರಿ. ಫಿನಾಯಿಲ್ ವಾಸನೆ ಅತಿಯಾಗಿದ್ದರೂ ಅನುಮಾನ ಇರಲಿ. ಅಲ್ಲಿರುವ ಅಜ್ಜ-ಅಜ್ಜಿಯರ ಉಗುರು ನೋಡಿ. ಕತ್ತರಿಸಿದ ಉಗುರು, ಬಾಚಿದ ತಲೆ, ಹಾಕಿಕೊಂಡ ಕನ್ನಡಕ, ಕಿವಿಯಲ್ಲಿರುವ ಯಂತ್ರ ಇವೆಲ್ಲ ಯಾರೋ ಒಬ್ಬೊಬ್ಬರನ್ನೇ ಗಮನಿಸುತ್ತಿದ್ದಾರೆ ಎಂಬುದರ ಗುರುತು. ಕುಡಿಯುವ ನೀರು ಕೈಗೆ ಸಿಗುವಂತೆ ಇದೆಯಾ? ರಾತ್ರಿ ಮೂತ್ರಕ್ಕೆ ಏಳಬಾರದು ಎಂದು ನೀರನ್ನೇ ಕಡಿಮೆ ಕೊಡುವ ಜಾಗಗಳಿವೆ.

ಊಟದ ಹೊತ್ತು ಕೇಳುವುದು ಮರೆಯಬೇಡಿ. ರಾತ್ರಿ ಊಟ ಆರೂವರೆಗೆ, ಬೆಳಗಿನ ತಿಂಡಿ ಒಂಬತ್ತಕ್ಕೆ ಅಂದರೆ ನಡುವೆ ಹದಿನಾಲ್ಕೂವರೆ ಗಂಟೆ. ಇನ್ಸುಲಿನ್ ತಗೊಳ್ಳುವವರಿಗೆ ನಸುಕಿನಲ್ಲಿ ಶುಗರ್ ಇಳಿದು ಪ್ರಜ್ಞೆ ತಪ್ಪಬಹುದು. ಮಲಗುವ ಮುಂಚೆ ಹಾಲೋ ಬಿಸ್ಕತ್ತೋ ಕೊಡುತ್ತಾರಾ ಕೇಳಿ. ಹಲ್ಲಿಲ್ಲದವರಿಗೆ ರೊಟ್ಟಿ ನೆನೆಸಿ ಕೊಡುತ್ತಾರಾ, ಮುದ್ದೆ ಮಾಡುತ್ತಾರಾ, ಮಾಂಸಾಹಾರ ಅಭ್ಯಾಸ ಇರುವವರಿಗೆ ಏನು? ಒಂದು ಹೊತ್ತು ನೀವೇ ಅಲ್ಲಿ ಕೂತು ಉಂಡು ಬನ್ನಿ.

ಔಷಧಿ ಕೋಣೆಯನ್ನೂ ನೋಡಿ. ಒಬ್ಬೊಬ್ಬರ ಹೆಸರಿನ ಡಬ್ಬಿ, ಕೊಟ್ಟ ಹೊತ್ತು ಬರೆದು ಸಹಿ ಮಾಡಿದ ಚಾರ್ಟ್ ಇರಬೇಕು. ಸಂಜೆಯ ಮಾತ್ರೆಗೆ ಬೆಳಗ್ಗೆಯೇ ಸಹಿ ಬಿದ್ದಿದ್ದರೆ ಅಲ್ಲಿ ಕಾಗದ ಮಾತ್ರ ನಡೆಯುತ್ತಿದೆ. "ನರ್ಸ್ ಇದ್ದಾರೆ" ಅಂದರೆ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿದವರಾ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇದೆಯಾ ಎಂದು ಕೇಳಲು ಸಂಕೋಚ ಬೇಡ. ಬಿಳಿ ಕೋಟು ಹಾಕಿದವರೆಲ್ಲ ನರ್ಸ್ ಅಲ್ಲ.

## ಹಂತ 6: ದುಡ್ಡಿನ ಲೆಕ್ಕ

ಹೇಳುವ ತಿಂಗಳ ಮೊತ್ತಕ್ಕೂ ಕಟ್ಟುವ ಮೊತ್ತಕ್ಕೂ ವ್ಯತ್ಯಾಸ ಬರುವುದು ಐದು ಕಡೆ: ಡೈಪರ್, ಫಿಸಿಯೋಥೆರಪಿ, ವೈದ್ಯರ ಭೇಟಿ, ಆಂಬುಲೆನ್ಸ್, ಆಸ್ಪತ್ರೆಗೆ ಸೇರಿದಾಗ ಜೊತೆಗಿರುವ ಆಳು. ಪ್ರತಿಯೊಂದಕ್ಕೂ ಎಷ್ಟು ಎಂದು ಬರೆಸಿಕೊಳ್ಳಿ. ನಂತರ ಐದು ವರ್ಷಕ್ಕೆ ಲೆಕ್ಕ ಹಾಕಿ, ವರ್ಷ ವರ್ಷ ಏರುವುದನ್ನೂ ಸೇರಿಸಿ. ಅಣ್ಣ-ತಮ್ಮಂದಿರ ನಡುವೆ ಯಾರು ಎಷ್ಟು ಎಂಬುದು ಸೇರಿಸುವ ಮುಂಚೆಯೇ ಬರಹದಲ್ಲಿ ಆಗಲಿ. ಆಮೇಲೆ ಆಗುವ ಜಗಳದ ನೋವು ತಿನ್ನುವವರು ಅಪ್ಪ-ಅಮ್ಮ.

ಜಿ.ಎಸ್.ಟಿ. ಸೇರಿಸಿದ್ದರೆ ಒಂದು ವಿಷಯ ಗೊತ್ತಿರಲಿ. ಆದಾಯ ತೆರಿಗೆ ಕಾಯ್ದೆಯಡಿ ದತ್ತಿ ಸಂಸ್ಥೆಯಾಗಿ ನೋಂದಣಿ ಆದವರು ನಡೆಸುವ ವೃದ್ಧಾಶ್ರಮದಲ್ಲಿ, 60 ದಾಟಿದವರಿಗೆ, ಊಟ-ವಸತಿ-ಆರೈಕೆ ಎಲ್ಲ ಸೇರಿ ತಿಂಗಳಿಗೆ 25,000 ರೂಪಾಯಿವರೆಗೆ ತೆರಿಗೆ ಇಲ್ಲ. ಖಾಸಗಿ ಕಂಪನಿಯ ಜಾಗಕ್ಕೆ ಇದು ಅನ್ವಯಿಸುವುದಿಲ್ಲ.

## ಹಂತ 7: ಕರಾರು ಪತ್ರ ಓದದೆ ಸಹಿ ಬೇಡ

ಪತ್ರವೇ ಇಲ್ಲ, ರಸೀದಿ ಅಷ್ಟೇ ಅನ್ನುವವರಿಗೆ ಡಿಪಾಸಿಟ್ ಕೊಡಬೇಡಿ. ಪತ್ರ ಇದ್ದರೆ ಮನೆಗೆ ತಂದು ಓದಿ. ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್, ಏನೇನು ಕಡಿತ? ಹತ್ತು ದಿನ ಆಸ್ಪತ್ರೆಯಲ್ಲಿದ್ದರೆ ಆ ದಿನಗಳಿಗೂ ಪೂರ್ತಿ ಕಟ್ಟಬೇಕಾ? ಎಂಥ ಸ್ಥಿತಿ ಬಂದರೆ "ಕರೆದುಕೊಂಡು ಹೋಗಿ" ಎನ್ನುತ್ತಾರೆ, ಎಷ್ಟು ದಿನ ಮುಂಚೆ ಹೇಳುತ್ತಾರೆ? ತೀರಿಕೊಂಡರೆ ಲೆಕ್ಕ ಹೇಗೆ? ರಾತ್ರಿ ಆಸ್ಪತ್ರೆಗೆ ಸೇರಿಸಬೇಕಾದರೆ ಯಾವ ಆಸ್ಪತ್ರೆ, ಯಾರ ಸಹಿ? ಕೊನೆಯದನ್ನು ಬಿಟ್ಟುಬಿಡುವವರೇ ಜಾಸ್ತಿ. ನೀವು ಬರುವವರೆಗೆ ಕಾಯದೆ ಸೇರಿಸಲು ಇಂಥವರಿಗೆ ಅಧಿಕಾರ ಇದೆ ಎಂದು ಬರೆಸಿ. ಊರಲ್ಲೇ ಇರುವ ಒಬ್ಬ ನೆಂಟರ ಹೆಸರು, ಫೋನ್ ನಂಬರ್ ಎರಡನೆಯದಾಗಿ ಇರಲಿ.

ಆಶ್ರಮಕ್ಕೆ ಮನೆ ಅಥವಾ ಜಮೀನು ಬರೆದುಕೊಟ್ಟರೆ "ಸಾಯುವವರೆಗೆ ನೋಡಿಕೊಳ್ಳುತ್ತೇವೆ" ಅನ್ನುವವರು ಸಿಕ್ಕರೆ ಒಪ್ಪಬೇಡಿ. ಮಕ್ಕಳಿಗೆ ಆಸ್ತಿ ಬರೆದುಕೊಡುವ ಹಿರಿಯರಿಗೂ ಒಂದು ಮಾತು. ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ದಾನಪತ್ರ ಮಾಡಿ, ಅವರು ನೋಡಿಕೊಳ್ಳದಿದ್ದರೆ ಅದನ್ನು ರದ್ದು ಮಾಡಿಸಬಹುದು. ಆ ಷರತ್ತು ಬಾಯಿಮಾತಲ್ಲಿ ಇದ್ದರೆ ಸಾಬೀತು ಮಾಡುವುದು ಕಷ್ಟ. ಪತ್ರದಲ್ಲೇ ಬರೆಸಿ.

## ಹಂತ 8: ಮೊದಲು ಇದ್ದು ನೋಡಲಿ

ಹದಿನೈದು ದಿನ ದಿನದ ಲೆಕ್ಕದಲ್ಲಿ ಇರಲು ಅವಕಾಶ ಕೇಳಿ. ಕೊಡುವ ಜಾಗಕ್ಕೆ ತನ್ನ ಮೇಲೆ ನಂಬಿಕೆ ಇದೆ ಎಂದರ್ಥ. ಮನೆ ಮಾರುವುದು, ಬಾಡಿಗೆಗೆ ಕೊಡುವುದು, ಪಾತ್ರೆ-ಪಗಡೆ ಹಂಚುವುದು ಏನನ್ನೂ ಈ ಹೊತ್ತಲ್ಲಿ ಮಾಡಬೇಡಿ. ವಾಪಸ್ ಬರಲು ಮನೆ ಇದೆ ಎಂಬ ಧೈರ್ಯದಲ್ಲೇ ಎಷ್ಟೋ ಜನ ಅಲ್ಲಿ ಇರಲು ಒಪ್ಪುತ್ತಾರೆ.

## ಹಂತ 9: ಸೇರಿಸುವ ದಿನ ಮತ್ತು ಮೊದಲ ತಿಂಗಳು

ಬೆಳಗ್ಗೆ ಕರೆದುಕೊಂಡು ಹೋಗಿ. ಸಂಜೆ ಹೊಸ ಜಾಗದಲ್ಲಿ ಗೊಂದಲ ಜಾಸ್ತಿ. ಹಳೆಯ ಕಂಬಳಿ, ದೇವರ ಫೋಟೋ, ಅಭ್ಯಾಸವಾದ ಲೋಟ ಜೊತೆಯಲ್ಲಿರಲಿ. ಚಿನ್ನ, ಹೆಚ್ಚು ನಗದು ಬೇಡ.

ಔಷಧಿ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ನರ್ಸ್ ಕೈಗೇ ಕೊಡಿ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಇನ್ಸುಲಿನ್ ಕೊಟ್ಟ ಮೇಲೆ ಊಟ ತಡವಾಗಬಾರದು, ರಕ್ತ ತೆಳು ಮಾಡುವ ಮಾತ್ರೆ ತಪ್ಪಬಾರದು ಎಂಬುದನ್ನು ಬೇರೆಯಾಗಿ ಬರೆಯಿರಿ. ಯಾವ ಔಷಧಿ ಅಲರ್ಜಿ ಎಂಬುದು ಮೇಲೆಯೇ ಇರಲಿ.

ಮೊದಲ ಎರಡು-ಮೂರು ವಾರ "ಕರ್ಕೊಂಡು ಹೋಗು" ಎಂಬ ಅಳು ಇರುತ್ತದೆ. ಅದೊಂದನ್ನೇ ನೋಡಿ ವಾಪಸ್ ಕರೆತರಬೇಡಿ. ಅದೊಂದನ್ನೇ ನೋಡಿ ಸುಮ್ನೆ ಕೂರಲೂ ಬೇಡಿ. ಏನು ಕಷ್ಟ ಎಂದು ಬಿಡಿಸಿ ಕೇಳಿ. ಪಕ್ಕದ ಹಾಸಿಗೆಯವರ ಗೊರಕೆ ಆದರೆ ಕೋಣೆ ಬದಲಿಸಬಹುದು. ಹೊಡೆಯುತ್ತಾರೆ ಅಂದರೆ ಅವತ್ತೇ ಹೊರಡಬೇಕು.

ಪಿಂಚಣಿಯ ಕೆಲಸ ಮರೆಯುವುದು ಇಲ್ಲಿಯೇ. ಕೇಂದ್ರ ಸರ್ಕಾರದ ಪಿಂಚಣಿದಾರರು ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡಬೇಕು. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಈಗ ಫೋನಿನಲ್ಲೇ ಮುಖ ತೋರಿಸಿ ಮುಗಿಸಬಹುದು, ಬ್ಯಾಂಕಿಗೆ ಹೊತ್ತೊಯ್ಯಬೇಕಿಲ್ಲ.

## ಈ ಲಕ್ಷಣ ಕಂಡರೆ ತಡ ಮಾಡಬೇಡಿ

ಯಾವಾಗ ಹೋದರೂ ಅವರು ತೂಕಡಿಸುತ್ತಿರುತ್ತಾರೆ. ಇದು ತುಂಬ ಗಂಭೀರ. ಗಲಾಟೆ ಮಾಡಬಾರದು ಎಂದು ನಿದ್ದೆ ಮಾತ್ರೆ ಕೊಡುತ್ತಿರಬಹುದು. ಚಾರ್ಟ್ ಕೇಳಿ, ಹೊರಗಿನ ವೈದ್ಯರಿಗೆ ತೋರಿಸಿ.

ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿ ಪ್ರತಿ ಭೇಟಿಯಲ್ಲೂ ನೋಡಿ. ಚರ್ಮ ಕೆಂಪಾಗಿದ್ದು, ಬೆರಳಿಂದ ಒತ್ತಿದರೂ ಬಣ್ಣ ಬಿಡದಿದ್ದರೆ ಅದು ಬೆಡ್ ಸೋರ್‌ನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು, ಮುಟ್ಟಿ ಬಿಸಿ ಅಥವಾ ಗಟ್ಟಿ ಇದೆಯಾ ನೋಡಿ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅದನ್ನು ಬರೆದಿಡುತ್ತಾರಾ ಕೇಳಿ.

ಮೈಮೇಲೆ ಕಂದಿದ ಗುರುತು ಕಂಡು, ಒಬ್ಬೊಬ್ಬ ಸಿಬ್ಬಂದಿ ಒಂದೊಂದು ಕಾರಣ ಹೇಳಿದರೆ ಫೋಟೋ ತೆಗೆದಿಡಿ. ತಿಂಗಳು ತಿಂಗಳೂ ತೂಕ ಇಳಿಯುವುದು, ಗಾಢ ಹಳದಿ ಮೂತ್ರ, ಒಣಗಿದ ತುಟಿ, ವಾರ್ಡನ್ ಬಂದ ಕೂಡಲೇ ಮಾತು ನಿಲ್ಲಿಸುವುದು, ನಿಮ್ಮ ಫೋನನ್ನು ಸ್ಪೀಕರ್‌ನಲ್ಲಿ ಹಾಕಿಯೇ ಮಾತಾಡಿಸುವುದು ಇವನ್ನೂ ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆಯಿರಿ.

## ದೂರು ಕೊಡುವ ದಾರಿ

ಮೊದಲು ನಡೆಸುವವರಿಗೆ ಬರಹದಲ್ಲಿ ಕೊಡಿ, ಒಂದು ಪ್ರತಿಗೆ ಸಹಿ ಪಡೆಯಿರಿ. ಉತ್ತರ ಬರದಿದ್ದರೆ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ, ಜೊತೆಗೆ 14567ಕ್ಕೆ. ಹೊಡೆತ, ಕೂಡಿಹಾಕುವುದು ಆದರೆ ನೇರ 112. ಡಿಪಾಸಿಟ್ ಕೊಡದಿದ್ದರೆ, ಹೇಳಿದ ಸೇವೆ ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಎರಡು ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಮಕ್ಕಳೇ ಖರ್ಚು ಕೊಡುತ್ತಿಲ್ಲ ಅಂದರೆ ಹಿರಿಯರು ಉಪವಿಭಾಗಾಧಿಕಾರಿಯ ಮುಂದಿನ ನ್ಯಾಯಮಂಡಳಿಗೆ 2007ರ ಕಾಯ್ದೆಯಡಿ ಅರ್ಜಿ ಹಾಕಬಹುದು.

ಜಾಗ ಬದಲಿಸಲೇಬೇಕು ಎಂದಾದರೆ ಹೊಸ ಜಾಗ ಗಟ್ಟಿಯಾಗುವವರೆಗೆ ಹಳೆಯ ಜಾಗದವರ ಜೊತೆ ಜಗಳಕ್ಕೆ ಇಳಿಯಬೇಡಿ, ಅಪ್ಪ-ಅಮ್ಮ ಅಪಾಯದಲ್ಲಿಲ್ಲ ಎಂಬುದು ಖಚಿತ ಇದ್ದರೆ ಮಾತ್ರ. ಹೊರಡುವ ದಿನ ಔಷಧಿ ಚಾರ್ಟ್, ಇತ್ತೀಚಿನ ಪರೀಕ್ಷೆ ವರದಿ, ಮೂಲ ದಾಖಲೆಗಳು, ಕನ್ನಡಕ, ಹಲ್ಲಿನ ಸೆಟ್ಟು ಎಲ್ಲ ಎಣಿಸಿ ತಗೊಳ್ಳಿ. ಡಿಪಾಸಿಟ್ ವಾಪಸ್ ಕೇಳುವ ಪತ್ರವನ್ನು ಅವತ್ತೇ ಕೊಟ್ಟು ಬನ್ನಿ.